8 ಮೀಟರಿಗೂ ಎತ್ತರದ ಸ್ಲ್ಯಾಬಿಗೆ ಪ್ರಾಪ್ ಮೇಲೆ ಪ್ರಾಪ್: ಸೆಂಟ್ರಿಂಗಿನ ನಕ್ಷೆಗೆ ಸಹಿ ಹಾಕಬೇಕಾದವರು ಯಾರು?

ನೆರೂಳ್_ಇಂಜಿನಿಯರ್
ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯವನು. ಸಿವಿಲ್ ಡಿಪ್ಲೊಮಾ ಮುಗಿಸಿ ಮುಂಬಯಿಗೆ ಬಂದು ಆರು ವರ್ಷಗಳಾದವು. ಈಗ ಉಪನಗರವೊಂದರಲ್ಲಿ ಕಟ್ಟುತ್ತಿರುವ ಸಾರ್ವಜನಿಕ ಗ್ರಂಥಾಲಯ ಮತ್ತು ಸಭಾಭವನದ ಕೆಲಸದಲ್ಲಿ ಸೈಟ್ ಇಂಜಿನಿಯರ್ ಆಗಿದ್ದೇನೆ. ಸ್ಥಳದ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ.

ಸಭಾಭವನದ ಅಳತೆ 12 ಮೀಟರ್ ಅಗಲ, 18 ಮೀಟರ್ ಉದ್ದ. ನೆಲದಿಂದ ಸ್ಲ್ಯಾಬಿನ ತಳದವರೆಗೆ 8.4 ಮೀಟರ್ ಎತ್ತರವಿದೆ. ಸ್ಲ್ಯಾಬ್ 200 ಮಿ.ಮೀ. ದಪ್ಪ, 3 ಮೀಟರಿಗೊಂದರಂತೆ ಅಡ್ಡಡ್ಡಲಾಗಿ ಐದು ಬೀಮ್‌ಗಳು, ಒಂದೊಂದೂ 400 ಮಿ.ಮೀ. ಅಗಲ ಮತ್ತು 1 ಮೀಟರ್ ಆಳ. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ತಾತ್ಕಾಲಿಕ ಚೌಕಟ್ಟು) ಉಪಗುತ್ತಿಗೆದಾರರು ಸಾಧಾರಣ ಉಕ್ಕಿನ ಪ್ರಾಪ್‌ಗಳನ್ನೇ, ಅಂದರೆ ಆನಿಕೆಯ ಕಂಬಗಳನ್ನೇ ತಂದು, ಒಂದು ಪ್ರಾಪ್ ನಿಲ್ಲಿಸಿ, ಅದರ ತಲೆಯ ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆ ಇನ್ನೊಂದು ಪ್ರಾಪ್ ಏರಿಸುತ್ತಿದ್ದಾರೆ. ಒಂಬತ್ತು ದಿನಗಳಲ್ಲಿ ಕಾಂಕ್ರೀಟ್ ಹಾಕಬೇಕೆಂದು ದಿನ ಗೊತ್ತುಮಾಡಿದ್ದಾರೆ.

ಸೆಂಟ್ರಿಂಗಿನ ನಕ್ಷೆ ಕೊಡಿ ಎಂದು ಕೇಳಿದೆ. ಸ್ಟ್ರಕ್ಚರಲ್ ಸಲಹೆಗಾರರು ತಮ್ಮ ಹೊಣೆ ಶಾಶ್ವತ ರಚನೆಗೆ ಮಾತ್ರ ಎಂದರು. ಇಲಾಖೆಯ ಇಂಜಿನಿಯರು, ಹೇಗೆ ಕಟ್ಟಬೇಕೆಂಬುದು ಗುತ್ತಿಗೆದಾರರ ವಿಚಾರವೆಂದರು. ನಮ್ಮ ಕಚೇರಿಯವರು ಮೇಸ್ತ್ರಿಗೆ ಎಲ್ಲವೂ ಗೊತ್ತಿದೆ ಎಂದರು. ಮೂವರೂ ಕೈ ತೊಳೆದುಕೊಂಡ ಮೇಲೆ, ಕಾಂಕ್ರೀಟ್ ಹಾಕಲು ಅನುಮತಿ ಕೊಡುವ ಪೋರ್ ಕಾರ್ಡಿನಲ್ಲಿ ಉಳಿದಿರುವುದು ನನ್ನ ಸಹಿಯ ಜಾಗವೊಂದೇ. ಆ ಸಹಿಯನ್ನು ನಾನು ನಿರಾಕರಿಸಬಹುದೇ? ನಿರಾಕರಿಸಿದರೆ ಯಾವ ಆಧಾರದ ಮೇಲೆ?

ಡೊಂಬಿವಲಿ_ರಾಯರು
ಸಹಿ ಹಾಕಬೇಡಿ. ಸಂಜೆ ವಿವರವಾಗಿ ಬರೆಯುತ್ತೇನೆ.

ಭೀಮಾತೀರದ_ಮೇಸ್ತ್ರಿ
ತಮ್ಮಾ, ನಾನು ಕಲಬುರಗಿ ಕಡೆಯವನು. ಮುಂಬಯಿಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ನಿಂತು 22 ವರ್ಷಗಳಾದವು. ಪ್ರಾಪ್ ಮೇಲೆ ಪ್ರಾಪ್ ಎಂದ ಮಾತ್ರಕ್ಕೆ ಅದು ತಪ್ಪೆಂದು ತೀರ್ಮಾನಿಸಬೇಡಿ. ನಡುವೆ ಗಟ್ಟಿಯಾದ ಅಟ್ಟ ಕಟ್ಟಿ, ಆ ಅಟ್ಟವನ್ನು ಎರಡೂ ದಿಕ್ಕಿನಲ್ಲಿ ಪೈಪಿನಿಂದ ಬಿಗಿದು, ಸುತ್ತಲಿನ ಕಾಲಂಗಳಿಗೆ ಕಟ್ಟಿ ನಿಲ್ಲಿಸಿದ ಸ್ಲ್ಯಾಬುಗಳನ್ನು ನಾನೇ ಹಾಕಿಸಿದ್ದೇನೆ, ಅವು ಇಂದಿಗೂ ನಿಂತಿವೆ. ನಿಮ್ಮ ಮೇಸ್ತ್ರಿ ಅಡ್ಡ ಪೈಪು ಮತ್ತು ಓರೆ ಪೈಪು ಕಟ್ಟಿದ್ದಾನೆಯೇ, ಅದನ್ನು ಮೊದಲು ನೋಡಿ ಹೇಳಿ.

ನೆರೂಳ್_ಇಂಜಿನಿಯರ್
ಅಣ್ಣ, ಓರೆ ಪೈಪು ಒಂದೂ ಇಲ್ಲ. ಅಡ್ಡಕ್ಕೆ ಒಂದು ದಿಕ್ಕಿನಲ್ಲಿ ಮಾತ್ರ ಬಿದಿರನ್ನು ಕಟ್ಟಿದ್ದಾರೆ, ಅದೂ ಹಗ್ಗದಿಂದ.

ಭೀಮಾತೀರದ_ಮೇಸ್ತ್ರಿ
ಹಾಗಿದ್ದರೆ ಅದು ಸೆಂಟ್ರಿಂಗ್ ಅಲ್ಲ. ರಾಯರು ಹೇಳಿದ್ದೇ ಸರಿ.

ಡೊಂಬಿವಲಿ_ರಾಯರು
ಹೇಳಿದಂತೆ ವಿವರವಾಗಿ ಬರೆಯುತ್ತಿದ್ದೇನೆ. ಉದ್ದವಾದರೆ ಕ್ಷಮಿಸಿ.

ಮೊದಲು ಭಾರದ ಲೆಕ್ಕ. ಕಬ್ಬಿಣ ಸೇರಿದ ಕಾಂಕ್ರೀಟಿನ ತೂಕ ಘನಮೀಟರಿಗೆ 2,500 ಕೆ.ಜಿ. ಎಂದು ಹಿಡಿಯುತ್ತೇವೆ. 200 ಮಿ.ಮೀ. ಸ್ಲ್ಯಾಬ್ ಎಂದರೆ ಚದರ ಮೀಟರಿಗೆ 500 ಕೆ.ಜಿ. ಶಟರಿಂಗಿನ (ಕಾಂಕ್ರೀಟಿನ ಅಚ್ಚಿನ) ಹಲಗೆ, ತೊಲೆಗಳಿಗೆ 50, ಜನ ಮತ್ತು ಸಲಕರಣೆಗಳಿಗೆ 150 ಸೇರಿಸಿದರೆ 700 ಕೆ.ಜಿ. ಆಯಿತು. ಪ್ರಾಪ್‌ಗಳನ್ನು 1.2 ಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಒಂದೊಂದರ ಪಾಲಿಗೆ ಒಂದು ಟನ್ ಬರುತ್ತದೆ. ಕುಳ್ಳನೆಯ ಪ್ರಾಪ್‌ಗೆ ಒಂದು ಟನ್ ದೊಡ್ಡದಲ್ಲ, ಎಲ್ಲರೂ ಮೋಸ ಹೋಗುವುದು ಇಲ್ಲಿಯೇ. ತೆಳ್ಳನೆಯ ಉದ್ದನೆಯ ಕಂಬ ನಜ್ಜುಗುಜ್ಜಾಗಿ ಸೋಲುವುದಿಲ್ಲ, ಪಕ್ಕಕ್ಕೆ ಬಾಗಿ ಸೋಲುತ್ತದೆ. ಅದರ ತಾಳಿಕೆ ಉದ್ದದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಉದ್ದ ಎರಡರಷ್ಟಾದರೆ ತಾಳಿಕೆ ಕಾಲುಭಾಗಕ್ಕೆ ಬಂದು ನಿಲ್ಲುತ್ತದೆ. ಇಲ್ಲಿರುವುದಂತೂ ಒಂದೇ ಉದ್ದನೆಯ ಕಂಬವೂ ಅಲ್ಲ. ನಡುವಿನ ಹಲಗೆಯ ಜಾಗದಲ್ಲಿ ಬಿಗಿತವಿಲ್ಲದಿದ್ದರೆ ಅದು ಮಡಚುವ ಬಾಗಿಲಿನ ತಿರುಗಣಿಯಂತೆ ವರ್ತಿಸುತ್ತದೆ, ಅದನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುವುದು ಯಾವುದೂ ಇರುವುದಿಲ್ಲ. ಅದೇ ಮಟ್ಟದಲ್ಲಿ ಎರಡೂ ದಿಕ್ಕಿಗೆ ಪೈಪು ಹಾಕಿ, ಓರೆ ಪೈಪಿನಿಂದ ಬಿಗಿದರೆ ಬಾಗುವ ಉದ್ದ ಅರ್ಧವಾಗುತ್ತದೆ. ಮೇಸ್ತ್ರಿಯವರು ಅನುಭವದಿಂದ ಹೇಳಿದ ಮಾತಿಗೂ ಸೂತ್ರ ಹೇಳುವ ಮಾತಿಗೂ ವ್ಯತ್ಯಾಸವಿಲ್ಲ.

ಎರಡನೆಯದು ಅಡ್ಡಭಾರ. ಕಂಬಗಳು ತುಸು ಓರೆಯಾಗಿರುವುದು, ಪಂಪಿನ ಪೈಪಿನ ಜಗ್ಗಾಟ, ಗಾಳಿ, ಇವೆಲ್ಲ ಸೇರಿ ಚೌಕಟ್ಟನ್ನು ಪಕ್ಕಕ್ಕೆ ತಳ್ಳುತ್ತವೆ. ಬ್ರಿಟಿಷ್ ಮಾನಕ ಬಿಎಸ್ 5975, ಲಂಬ ಭಾರದ ಕನಿಷ್ಠ ಶೇ. 2.5ರಷ್ಟನ್ನು ಅಡ್ಡಭಾರವೆಂದು ಹಿಡಿಯಬೇಕೆನ್ನುತ್ತದೆ. ನಿಮ್ಮ ಬಿದಿರು ಮತ್ತು ಹಗ್ಗ ಎಷ್ಟನ್ನು ಹಿಡಿಯಬಲ್ಲವು ಎಂದು ಆ ಮೂವರಲ್ಲಿ ಯಾರಾದರೂ ಬರೆದುಕೊಡಲಿ.

ಮೂರನೆಯದು ನಿಮ್ಮ ಮುಖ್ಯ ಪ್ರಶ್ನೆ. ನಮ್ಮಲ್ಲಿ ಇದಕ್ಕೆ ಮಾನಕವಿಲ್ಲ ಎಂಬ ಮಾತನ್ನು ನಂಬಬೇಡಿ. ಐಎಸ್ 14687 ಎಂಬ ಭಾರತೀಯ ಮಾನಕದ ಮಾರ್ಗಸೂಚಿ 1999ರಿಂದಲೂ ಇದೆ, ಅದು ಕಾಂಕ್ರೀಟ್ ರಚನೆಗಳ ಫಾಲ್ಸ್‌ವರ್ಕಿಗೆಂದೇ, ಅಂದರೆ ಇಂಥ ತಾತ್ಕಾಲಿಕ ಆಧಾರಗಳಿಗೆಂದೇ ಬಂದದ್ದು. ಅದರ ಸಂಖ್ಯೆ ಹಾಕಿ, ವಿನ್ಯಾಸದ ಲೆಕ್ಕ ಮತ್ತು ನಕ್ಷೆ ಕೊಡಿ ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರವೇ ಸಿಗುತ್ತದೆ.

ಕೊಥ್ರೂಡ್_ಕನ್ನಡತಿ
ರಾಯರೇ, ನಿಮ್ಮ ಲೆಕ್ಕದಲ್ಲಿ ಬೀಮ್‌ಗಳು ಬಿಟ್ಟುಹೋಗಿವೆ. ನಾನು ಪುಣೆಯಲ್ಲಿ ಸ್ಟ್ರಕ್ಚರಲ್ ವಿನ್ಯಾಸ ಮಾಡುವವಳು, ಆದ್ದರಿಂದ ತಿದ್ದದೆ ಇರಲಾರೆ. ಸ್ಲ್ಯಾಬಿನ ಕೆಳಗೆ ಇಳಿಯುವ 800 ಮಿ.ಮೀ. ಭಾಗವನ್ನಷ್ಟೇ ಹಿಡಿದರೂ ಬೀಮ್ ಮೀಟರಿಗೆ 800 ಕೆ.ಜಿ. ತೂಗುತ್ತದೆ. ಐದು ಬೀಮ್‌ಗಳು ಸೇರಿ 48 ಟನ್, ಸ್ಲ್ಯಾಬ್ 108 ಟನ್, ಒಟ್ಟು 156 ಟನ್. ಶಟರಿಂಗ್ ಮತ್ತು ಜನರ ಭಾರ ಸೇರಿದರೆ ಸುಮಾರು 200 ಟನ್. ಅದರ ಶೇ. 2.5 ಎಂದರೆ 5 ಟನ್ ಅಡ್ಡಭಾರ. ಸರಾಸರಿ ಚದರ ಮೀಟರಿಗೆ 920 ಕೆ.ಜಿ. ಬರುತ್ತದೆ, 700 ಅಲ್ಲ.

ಇದನ್ನು ಎತ್ತಿಹೇಳುವುದಕ್ಕೆ ಬೇರೊಂದು ಕಾರಣವಿದೆ. ನೆರೂಳಿನವರೇ, ಸಭಾಭವನದ ನೆಲ ಯಾವುದು? ಅದು ಮಣ್ಣಿನ ಮೇಲಿದೆಯೇ, ಅಥವಾ ಅದರ ಕೆಳಗೆ ಬೇಸ್‌ಮೆಂಟ್ ಇದೆಯೇ?

ನೆರೂಳ್_ಇಂಜಿನಿಯರ್
ಕೆಳಗೆ ವಾಹನ ನಿಲುಗಡೆಯ ಬೇಸ್‌ಮೆಂಟ್ ಇದೆ, ಮೇಡಂ. ಸಭಾಭವನದ ನೆಲವೂ ಒಂದು ಸ್ಲ್ಯಾಬ್, ಅದನ್ನು ಹಾಕಿ ಐದು ವಾರಗಳಾಗಿವೆ. ಬೇಸ್‌ಮೆಂಟಿನ ಪ್ರಾಪ್‌ಗಳನ್ನು ಕಳೆದ ವಾರ ತೆಗೆದು ಇಲ್ಲಿಗೇ ತಂದು ಬಳಸುತ್ತಿದ್ದಾರೆ.

ಕೊಥ್ರೂಡ್_ಕನ್ನಡತಿ
ನಾನು ಅಂಜಿದ್ದು ಇದಕ್ಕೇ. ಸ್ಥಿರ ಆಸನಗಳಿಲ್ಲದ ಸಭಾಭವನದ ನೆಲಕ್ಕೆ ಐಎಸ್ 875ರ ಎರಡನೆಯ ಭಾಗ ಹೇಳುವ ಬಳಕೆಯ ಭಾರ ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 500 ಕೆ.ಜಿ. ನೆಲಹಾಸು ಇನ್ನೂ ಹಾಕಿಲ್ಲವೆಂದು ಅದರ ಪಾಲನ್ನು ಸೇರಿಸಿಕೊಂಡರೂ 650ರ ಹತ್ತಿರ ಹೋಗಬಹುದು. ನೀವು ಅದರ ಮೇಲೆ 920 ಇಡಲು ಹೊರಟಿದ್ದೀರಿ; ಅದೂ ಹರಡಿದ ಭಾರವಲ್ಲ, ಪ್ರಾಪಿನ ಬುಡದಲ್ಲಿ ಚುಚ್ಚುವ ಭಾರ. ಮೇಲಿನ ಚೌಕಟ್ಟನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ಕೆಳಗಿನ ನೆಲವೇ ಬಿರುಕು ಬಿಟ್ಟರೆ ಫಲವೇನು? ಬೇಸ್‌ಮೆಂಟಿನಲ್ಲಿ, ಮೇಲಿನ ಕಂಬದ ನೇರಕ್ಕೆ ಕೆಳಗಿನ ಕಂಬ ಬರುವಂತೆ, ರಾಫ್ಟಿನವರೆಗೆ (ತಳಪಾಯದ ಸ್ಲ್ಯಾಬಿನವರೆಗೆ) ಮತ್ತೆ ಪ್ರಾಪ್ ಹಾಕಲೇಬೇಕು. ಎಷ್ಟು ಹಾಕಬೇಕೆಂಬುದನ್ನು ಲೆಕ್ಕ ಮಾಡಿ ಹೇಳಬಲ್ಲವರು ನಿಮ್ಮ ಸಲಹೆಗಾರರೇ. ತಾತ್ಕಾಲಿಕ ಚೌಕಟ್ಟು ನನ್ನ ಹೊಣೆಯಲ್ಲ ಎಂದು ಅವರು ಹೇಳಬಹುದು, ತಾವೇ ವಿನ್ಯಾಸ ಮಾಡಿದ ನೆಲ ಈ ಭಾರವನ್ನು ತಾಳುತ್ತದೆಯೇ ಎಂಬ ಪ್ರಶ್ನೆಗೆ ಹಾಗೆ ಹೇಳಲಾರರು. ಪತ್ರದಲ್ಲಿ ಈ ಒಂದು ಪ್ರಶ್ನೆಯನ್ನು ಬೇರೆಯಾಗಿಯೇ ಬರೆಯಿರಿ.

ಡೊಂಬಿವಲಿ_ರಾಯರು
ತಿದ್ದುಪಡಿ ಒಪ್ಪಿದೆ, ತಾಯಿ. ಬೇಸ್‌ಮೆಂಟಿನ ವಿಚಾರ ನನಗೆ ಹೊಳೆದೇ ಇರಲಿಲ್ಲ.

ಗಿರಗಾಂವ್_ಚಾಳ್
ನಾನು ಇಂಜಿನಿಯರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಾವು ಹುಟ್ಟಿ ಬೆಳೆದ ಚಾಳಿನ ಮೆಟ್ಟಿಲ ಬಳಿ ದಪ್ಪನೆಯ ಮರದ ಟೇಕು ಕೊಟ್ಟಿದ್ದರು. ದುರಸ್ತಿಯಾಗುವವರೆಗೆ ಎಂದು ನಿಲ್ಲಿಸಿದ ಟೇಕು ನಾನು ಶಾಲೆ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗುವವರೆಗೂ ಅಲ್ಲಿಯೇ ಇತ್ತು. ಅಮ್ಮ ಅದಕ್ಕೆ ಮೊಳೆ ಹೊಡೆದು ಬಟ್ಟೆಯ ಹಗ್ಗ ಕಟ್ಟುತ್ತಿದ್ದಳು, ಮಳೆಗಾಲದಲ್ಲಿ ಅದರ ಬುಡ ನೀರಿನಲ್ಲಿ ನೆನೆಯುತ್ತಿತ್ತು. ಅದನ್ನು ಯಾರೂ ಮತ್ತೆ ಬಂದು ಪರೀಕ್ಷಿಸಿದ ನೆನಪಿಲ್ಲ. ತಾತ್ಕಾಲಿಕ ಎಂದು ಕರೆದ ಕೂಡಲೇ ಆ ವಸ್ತುವಿಗೆ ದಿಕ್ಕುದೆಸೆ ಇಲ್ಲದಂತಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕಾಗಿ ಇಷ್ಟು ಬರೆದೆ.

ಮಡಗಾಂವ್_ಗುತ್ತಿಗೆದಾರ
ಎಲ್ಲರೂ ಉಪಗುತ್ತಿಗೆದಾರನನ್ನೇ ಬೈಯುತ್ತಿದ್ದೀರಿ, ಅವನ ಕಡೆಯ ಮಾತನ್ನೂ ಒಬ್ಬರು ಹೇಳಬೇಕು. ನಾನು ಕಾರವಾರದವನು, ಗೋವಾದಲ್ಲಿ ಸಣ್ಣ ಪ್ರಮಾಣದ ಗುತ್ತಿಗೆ ಮಾಡುತ್ತೇನೆ. ಶಟರಿಂಗಿಗೆ ಹಣ ಬರುವುದು ಕಾಂಕ್ರೀಟಿಗೆ ತಾಗುವ ಮೈಯ ಚದರ ಮೀಟರ್ ಲೆಕ್ಕದಲ್ಲಿ. ಸ್ಲ್ಯಾಬ್ 3 ಮೀಟರ್ ಎತ್ತರದಲ್ಲಿರಲಿ, 8 ಮೀಟರ್ ಎತ್ತರದಲ್ಲಿರಲಿ, ತಾಗುವ ಮೈ ಅಷ್ಟೇ. ಕಪ್‌ಲಾಕ್ ಚೌಕಟ್ಟನ್ನು (ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟುವ ಚೌಕಟ್ಟು) ಬಾಡಿಗೆಗೆ ತಂದರೆ ಆ ಹಣ ಯಾರ ಜೇಬಿನಿಂದ ಹೋಗಬೇಕು? ಮೇಲಿನವರು ಅವನಿಗೆ ಕೊಡುವ ದರದಲ್ಲಿ ಬಿದಿರು ಮತ್ತು ಹಗ್ಗವೇ ಬರುತ್ತದೆ.

ಡೊಂಬಿವಲಿ_ರಾಯರು
ನಿಮ್ಮ ಕಷ್ಟ ನಿಜ, ಆದರೆ ಲೆಕ್ಕ ಅರ್ಧ ಮಾತ್ರ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ, 3.5 ಮೀಟರಿಗಿಂತ ಎತ್ತರದ ಸೆಂಟ್ರಿಂಗಿಗೆ, ಹೆಚ್ಚಿನ ಪ್ರತಿ ಮೀಟರಿಗೆ ಅಥವಾ ಅದರ ಭಾಗಕ್ಕೆ, ಬ್ರೇಸಿಂಗ್ ಮತ್ತು ಪ್ರಾಪಿಂಗ್ ಸೇರಿದಂತೆ ಪ್ರತ್ಯೇಕ ದರವಿದೆ. ಅದನ್ನು ಅಳೆಯುವುದು ನೆಲದ ವಿಸ್ತೀರ್ಣದ ಮೇಲೆ. 8.4 ಮೀಟರ್ ಎಂದರೆ 4.9 ಮೀಟರ್ ಹೆಚ್ಚು, ಅಂದರೆ ಐದು ಸಲ ಆ ದರ. ನೆರೂಳಿನವರು ತಮ್ಮ ಗುತ್ತಿಗೆಯ ಬಿಲ್ ಆಫ್ ಕ್ವಾಂಟಿಟೀಸ್ (ಕೆಲಸಗಳ ಪ್ರಮಾಣ ಮತ್ತು ದರದ ಪಟ್ಟಿ) ತೆರೆದು ಇಂಥ ಐಟಂ ಇದೆಯೇ ನೋಡಲಿ. ಇದ್ದರೆ, ಸರ್ಕಾರ ಕೊಡುವ ಹಣ ಸೆಂಟ್ರಿಂಗ್ ಮಾಡುವವನ ಕೈಗೆ ತಲುಪುತ್ತಿಲ್ಲವೆಂದು ಅರ್ಥ.

ಮಡಗಾಂವ್_ಗುತ್ತಿಗೆದಾರ
ಐಟಂ ಇದ್ದರೂ ಅದು ಮುಖ್ಯ ಗುತ್ತಿಗೆದಾರನಲ್ಲಿಯೇ ನಿಂತುಬಿಡುತ್ತದೆ, ರಾಯರೇ. ನಾನು ಹೇಳುತ್ತಿರುವುದೂ ಅದನ್ನೇ. ಅದಿರಲಿ, ಸ್ಲ್ಯಾಬ್ ಹಾಕಿ ಹದಿನಾಲ್ಕು ದಿನಕ್ಕೆ ಎಲ್ಲವನ್ನೂ ಬಿಚ್ಚಬಹುದಲ್ಲವೇ? ಬೇಗ ಬಿಚ್ಚಿದರೆ ಕಪ್‌ಲಾಕಿನ ಬಾಡಿಗೆಯಾದರೂ ತಗ್ಗುತ್ತದೆ.

ಕೊಥ್ರೂಡ್_ಕನ್ನಡತಿ
ಇಲ್ಲ, ಹಾಗೆ ಬಿಚ್ಚುವಂತಿಲ್ಲ. ಐಎಸ್ 456 ಹೇಳುವ 14 ದಿನ, 4.5 ಮೀಟರಿಗಿಂತ ಹೆಚ್ಚಿನ ಅಂತರದ ಸ್ಲ್ಯಾಬಿನ ಪ್ರಾಪ್‌ಗಳಿಗೆ ಮತ್ತು 6 ಮೀಟರ್‌ವರೆಗಿನ ಬೀಮ್‌ಗಳಿಗೆ. ಬೀಮ್ 6 ಮೀಟರ್ ಮೀರಿದರೆ 21 ದಿನ. ಇಲ್ಲಿರುವುದು 12 ಮೀಟರಿನ ಬೀಮ್. ಆ ದಿನಗಳೂ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, 15 ಡಿಗ್ರಿಗಿಂತ ಕಡಿಮೆಯಾಗದ ಉಷ್ಣಾಂಶಕ್ಕೆ ಹೇಳಿದವು. ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟು ನಿಧಾನವಾಗಿ ಗಟ್ಟಿಯಾಗುವುದರಿಂದ ದಿನಗಳನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು.

ಠಾಣೆ_ಕ್ವಾಲಿಟಿ
ದಿನ ಎಣಿಸುವ ಕಾಲ ಹೋಯಿತು ಎಂದು ನನ್ನ ಅಭಿಪ್ರಾಯ. ಏಳನೆಯ ದಿನ ಒಡೆದು ನೋಡಿದ ಕಾಂಕ್ರೀಟ್ ಕ್ಯೂಬಿನಲ್ಲಿ ನಿಗದಿತ ಬಲದ ಶೇ. 70 ಬಂದರೆ ಬಿಚ್ಚಲು ಏನು ತೊಂದರೆ? ನಮ್ಮಲ್ಲಿ ಹಾಗೆಯೇ ಮಾಡುತ್ತೇವೆ.

ಕೊಥ್ರೂಡ್_ಕನ್ನಡತಿ
ಕ್ಯೂಬ್ ನೀರಿನ ತೊಟ್ಟಿಯಲ್ಲಿ ಸುಖವಾಗಿ ಹದವಾಗುತ್ತದೆ, ಸ್ಲ್ಯಾಬ್ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತದೆ. ಎರಡರ ಬಲ ಒಂದೇ ಎಂದು ಹಿಡಿಯುವುದು ತಪ್ಪು, ಸ್ಲ್ಯಾಬಿನ ಪಕ್ಕದಲ್ಲೇ ಇಟ್ಟ ಕ್ಯೂಬ್ ಒಡೆದು ನೋಡಿ. ಇನ್ನು, ಮಾನಕ ಕೇಳುವುದು ಶೇ. 70 ಎಂಬ ಅಂಕಿಯನ್ನಲ್ಲ. ಬಿಚ್ಚುವ ಹೊತ್ತಿಗೆ ಕಾಂಕ್ರೀಟಿನ ಮೇಲೆ ಬರುವ ಒತ್ತಡದ ಕನಿಷ್ಠ ಎರಡರಷ್ಟು ಬಲ ಅದಕ್ಕೆ ಬಂದಿರಬೇಕು ಎನ್ನುತ್ತದೆ. ಸಭಾಭವನದ ಸ್ಲ್ಯಾಬಿಗೆ ಸ್ವಂತ ಭಾರವೇ ದೊಡ್ಡ ಪಾಲು. ಬಿಚ್ಚಿದ ದಿನವೇ ಅದು ತನ್ನ ಆಯುಷ್ಯದ ಬಹುಪಾಲು ಭಾರವನ್ನು ಹೊರುತ್ತದೆ.

ಭೀಮಾತೀರದ_ಮೇಸ್ತ್ರಿ
ಬಿಚ್ಚುವ ಕ್ರಮವನ್ನೂ ಬರೆದುಕೊಳ್ಳಿ, ತಮ್ಮಾ. ಎರಡೂ ಕಡೆ ಆಧಾರವಿರುವ ಬೀಮಿಗೆ ನಡುವಿನಿಂದ ಅಂಚಿನ ಕಡೆಗೆ ಸಡಿಲಿಸುತ್ತ ಹೋಗಬೇಕು. ಛಜ್ಜಾ ಅಥವಾ ಬಾಲ್ಕನಿಯಂತೆ ಹೊರಚಾಚಿದ್ದಕ್ಕೆ ತುದಿಯಿಂದ ಗೋಡೆಯ ಕಡೆಗೆ ಬರಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ, ಒಂದು ಕಟ್ಟಡದಲ್ಲಿ ಛಜ್ಜಾದ ಪ್ರಾಪ್‌ಗಳನ್ನು ಗೋಡೆಯ ಕಡೆಯಿಂದ ಬಿಚ್ಚಿ, ತುದಿಯ ಪ್ರಾಪ್ ಹಾಗೆಯೇ ಬಿಟ್ಟು ಊಟಕ್ಕೆ ಹೋದರು. ಛಜ್ಜಾದ ಕಬ್ಬಿಣ ಇರುವುದು ಮೇಲ್ಭಾಗದಲ್ಲಿ, ಭಾರ ತುದಿಯ ಪ್ರಾಪ್ ಮೇಲೆ ಕುಳಿತಾಗ ಅದು ನಡುವಿನಲ್ಲಿ ಕೆಳಗಿನಿಂದ ಸೀಳಿತು. ಎಲ್ಲರೂ ಊಟಕ್ಕೆ ಕುಳಿತಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ನಾನು ಬಿಚ್ಚುವ ದಿನ ಸೈಟ್ ಬಿಟ್ಟು ಹೋಗುವುದಿಲ್ಲ.

ಹಡಪ್ಸರ್_ಹುಬ್ಬಳ್ಳಿ
ಸ್ಲ್ಯಾಬಿನ ಮಾತು ಸರಿ, ಆದರೆ ತಾತ್ಕಾಲಿಕ ರಚನೆ ಎಂದರೆ ಸೆಂಟ್ರಿಂಗ್ ಒಂದೇ ಅಲ್ಲ. 2019ರ ಜೂನ್ 29ರಂದು ಪುಣೆಯ ಕೊಂಢ್ವಾದಲ್ಲಿ ಮಳೆಗೆ ಆವರಣ ಗೋಡೆ ಕುಸಿದು ಪಕ್ಕದ ಕಾರ್ಮಿಕರ ಶೆಡ್‌ಗಳ ಮೇಲೆ ಬಿದ್ದು 15 ಜನ ತೀರಿಕೊಂಡರು, ಮಕ್ಕಳೂ ಇದ್ದರು. 2022ರ ಫೆಬ್ರುವರಿಯಲ್ಲಿ ಯೆರವಡಾದಲ್ಲಿ ಕಬ್ಬಿಣದ ಜಾಳಿಗೆ ಕುಸಿದು ಐವರು ಕಾರ್ಮಿಕರು ಸತ್ತರು. ನಮ್ಮ ಬೆಂಗಳೂರಿನ ನಾಗವಾರದಲ್ಲಿ 2023ರ ಜನವರಿ 10ರಂದು ಮೆಟ್ರೊ ಕಂಬದ ಕಬ್ಬಿಣದ ಪಂಜರ ರಸ್ತೆಗೆ ಉರುಳಿ ತಾಯಿ ಮತ್ತು ಮಗು ಬಲಿಯಾದರು. ಕಾಂಕ್ರೀಟ್ ಬೀಳುವವರೆಗೆ ಕಬ್ಬಿಣದ ಪಂಜರ ತನ್ನಷ್ಟಕ್ಕೆ ತಾನು ನಿಲ್ಲುವಂಥದ್ದಲ್ಲ. ಅದನ್ನು ಹಿಡಿಯುವ ಎಳೆತಂತಿ, ಆನಿಕೆ, ಸರಳುಗಳನ್ನು ಎತ್ತಿಹಿಡಿಯುವ ಕುರ್ಚಿಗಳೂ ಲೆಕ್ಕ ಹಾಕಿ ನಿಲ್ಲಿಸಬೇಕಾದ ರಚನೆಗಳೇ. ನಿಮ್ಮ ಸೈಟಿನಲ್ಲಿ ಕಾರ್ಮಿಕರು ಎಲ್ಲಿ ಮಲಗುತ್ತಾರೆ ಎಂಬುದನ್ನೂ ಒಮ್ಮೆ ನೋಡಿ.

ಠಾಣೆ_ಕ್ವಾಲಿಟಿ
ವಿಷಯ ಬೇರೆಡೆಗೆ ಹೋಗುತ್ತಿದೆ.

ಹಡಪ್ಸರ್_ಹುಬ್ಬಳ್ಳಿ
ಹೋಗಿಲ್ಲ. ಬೇಸ್‌ಮೆಂಟ್ ಅಗೆಯುವಾಗ ಪಕ್ಕದ ಮಣ್ಣನ್ನು ಹಿಡಿದ ಸ್ಟ್ರಟ್‌ಗಳನ್ನು ನಕ್ಷೆಯಲ್ಲಿ ತೋರಿಸುತ್ತಾರೆ, ಬೇಸ್‌ಮೆಂಟಿನ ಸ್ಲ್ಯಾಬ್ ಒತ್ತನ್ನು ಹೊರುವಷ್ಟು ಗಟ್ಟಿಯಾಗುವವರೆಗೆ ತೆಗೆಯಬಾರದೆಂದು ಬರೆಯುತ್ತಾರೆ. ಮುಂಬಯಿಯ ಮೂರನೆಯ ಮೆಟ್ರೊ ಮಾರ್ಗದಲ್ಲಿ ಹಳೆಯ ಕಟ್ಟಡಗಳ ಮಗ್ಗುಲಲ್ಲೇ ಆಳವಾಗಿ ಅಗೆದು ನಿಲ್ದಾಣ ಕಟ್ಟಿದ್ದು ಇಂಥ ಶಿಸ್ತಿನಿಂದ. ನೆಲದ ಕೆಳಗೆ ಇಷ್ಟು ಎಚ್ಚರವಿರುವಾಗ, ಅದೇ ನಗರದಲ್ಲಿ ನೆಲದ ಮೇಲಿನ 200 ಟನ್ ಭಾರಕ್ಕೆ ನಕ್ಷೆಯೇ ಇಲ್ಲವೆಂದರೆ ಹೇಗೆ?

ಮುಲುಂದ್_ವಕೀಲೆ
ಸಹಿಯ ಪ್ರಶ್ನೆಗೆ ಕಾನೂನಿನ ಕಡೆಯಿಂದ ಎರಡು ಮಾತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 44ನೆಯ ಕಲಮು, ಸುರಕ್ಷಾ ನಿಯಮಗಳು ಪಾಲನೆಯಾಗುವಂತೆ ಸತತವಾದ, ಸಾಕಷ್ಟು ಮೇಲ್ವಿಚಾರಣೆ ಒದಗಿಸುವ ಹೊಣೆಯನ್ನು ಉದ್ಯೋಗದಾತನ ಮೇಲೆ ಹೊರಿಸಿತ್ತು. ಆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷಾ ಸಂಹಿತೆಯೊಳಗೆ ಸೇರಿಸಲಾಗಿದೆ. ಮೇಸ್ತ್ರಿಗೆ ಗೊತ್ತಿದೆ ಎಂಬ ಮಾತು ಆ ಹೊಣೆಯಿಂದ ಬಿಡುಗಡೆ ಕೊಡುವುದಿಲ್ಲ. ನೀವು ಸಹಿ ಹಾಕಿದರೆ, ಪರಿಶೀಲಿಸಿದ್ದೇನೆ ಎಂದು ಹೇಳಿದಂತಾಗುತ್ತದೆ. ಪರಿಶೀಲಿಸಲು ನಕ್ಷೆಯೇ ಇಲ್ಲದಿರುವಾಗ ಯಾವುದನ್ನು ಪರಿಶೀಲಿಸಿದಿರಿ ಎಂದು ನಾಳೆ ಕೇಳಿದರೆ ಉತ್ತರವಿಲ್ಲ. ಸಹಿ ಹಾಕುವುದಿಲ್ಲ ಎಂದು ಬರೆಯಬೇಡಿ. ಇಂತಿಂಥ ದಾಖಲೆಗಳು ಬಂದ ಕೂಡಲೇ ಪರಿಶೀಲಿಸಿ ಸಹಿ ಹಾಕುತ್ತೇನೆ ಎಂದು ಬರೆದು, ಇಲಾಖೆಯ ಇಂಜಿನಿಯರಿಗೂ ಪ್ರತಿ ಕಳುಹಿಸಿ.

ಡೊಂಬಿವಲಿ_ರಾಯರು
ವಕೀಲರ ಮಾತಿಗೆ ಒಂದು ಹಿನ್ನೆಲೆ. ಇಂಗ್ಲೆಂಡಿನಲ್ಲಿ 1972ರ ಅಕ್ಟೋಬರಿನಲ್ಲಿ ಲಾಡನ್ ನದಿಯ ಸೇತುವೆಗೆ ಕಾಂಕ್ರೀಟ್ ಹಾಕುವಾಗ ಆಧಾರದ ಚೌಕಟ್ಟು ಕುಸಿದು ಮೂವರು ಸತ್ತರು. ಅಂಥ ಕುಸಿತಗಳ ಬೆನ್ನಿಗೆ ನೇಮಕವಾದ ಬ್ರ್ಯಾಗ್ ಸಮಿತಿ 1975ರಲ್ಲಿ ವರದಿ ಕೊಟ್ಟಿತು. 1982ರಲ್ಲಿ ಬಂದ ಬಿಎಸ್ 5975 ಆ ವರದಿಯ ಫಲ. ಅಲ್ಲಿ ಪ್ರತಿ ಸೈಟಿಗೂ ತಾತ್ಕಾಲಿಕ ರಚನೆಗಳ ಸಂಯೋಜಕ ಎಂಬ ಒಬ್ಬ ವ್ಯಕ್ತಿ ಇರುತ್ತಾನೆ. ವಿನ್ಯಾಸವಾಯಿತೇ, ಬೇರೊಬ್ಬರು ಅದನ್ನು ಪರಿಶೀಲಿಸಿದರೇ, ನಕ್ಷೆಯಂತೆಯೇ ಕಟ್ಟಿದರೇ ಎಂದು ನೋಡಿ, ಭಾರ ಹಾಕಲು ಒಂದು ಅನುಮತಿಪತ್ರ, ಬಿಚ್ಚಲು ಇನ್ನೊಂದು ಅನುಮತಿಪತ್ರ ಕೊಡುವುದು ಅವನ ಕೆಲಸ. ನೀವು ವಿವರಿಸಿದ ಮೂವರು ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತಾರಲ್ಲ, ಅವರ ನಡುವಿನ ಖಾಲಿ ಜಾಗದಲ್ಲಿ ನಿಲ್ಲುವುದಕ್ಕೆಂದೇ ಈ ಹುದ್ದೆ ಹುಟ್ಟಿದ್ದು. ನಮ್ಮ ಸಾರ್ವಜನಿಕ ಕಟ್ಟಡಗಳ ಗುತ್ತಿಗೆಯಲ್ಲಿ ಈ ಒಂದು ಷರತ್ತನ್ನು ಬರೆಸಬೇಕೆಂದು ಸೇವೆಯಲ್ಲಿದ್ದಾಗಲೇ ಹಲವು ಸಲ ಟಿಪ್ಪಣಿ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ನೆರೂಳ್_ಇಂಜಿನಿಯರ್
ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ.

ವಕೀಲರು ಹೇಳಿದ ಮಾತಿನಲ್ಲಿಯೇ ಪತ್ರ ಬರೆದೆ. ಮೊದಲ ಎರಡು ದಿನ ಕಚೇರಿಯಲ್ಲಿ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಸಲಹೆಗಾರರೇ ಸೈಟಿಗೆ ಬಂದರು. ಅವರನ್ನು ಬರುವಂತೆ ಮಾಡಿದ್ದು ಬೇಸ್‌ಮೆಂಟಿನ ಪ್ರಶ್ನೆ. ನೆಲದ ಸ್ಲ್ಯಾಬ್ ಒಂಟಿಯಾಗಿ ಆ ಭಾರವನ್ನು ತಾಳುವುದಿಲ್ಲವೆಂದು ಬರೆದುಕೊಟ್ಟರು. ಪ್ರಾಪ್‌ಗಳನ್ನೆಲ್ಲ ಇಳಿಸಿ ಕಪ್‌ಲಾಕ್ ಚೌಕಟ್ಟು ತರಿಸಿದ್ದಾರೆ, ಅದನ್ನು ಬಾಡಿಗೆಗೆ ಕೊಟ್ಟವರ ಇಂಜಿನಿಯರೇ ನಕ್ಷೆ ಮಾಡಿದ್ದಾರೆ. ಸಭಾಭವನದಲ್ಲಿ 1.2 ಮೀಟರ್ ಅಂತರ, ಬೀಮ್‌ಗಳ ಕೆಳಗೆ 0.9 ಮೀಟರ್, ಅಡ್ಡ ಕೊಳವೆಗಳು 1.5 ಮೀಟರಿಗೊಂದು ಮಟ್ಟ, ನಾಲ್ಕೂ ಕಡೆ ಓರೆ ಪೈಪು, ಕಾಲಂಗಳಿಗೆ ಕಟ್ಟು. ಕೆಳಗೆ ಬೇಸ್‌ಮೆಂಟಿನಲ್ಲಿ ನೇರಕ್ಕೆ ನೇರ ಪ್ರಾಪ್. ರಾಯರು ಹೇಳಿದ ಐಟಂ ಕೂಡ ನಮ್ಮ ಗುತ್ತಿಗೆಯಲ್ಲಿ ಇತ್ತು. ಕಾಂಕ್ರೀಟ್ ನಾಡಿದ್ದು. ಏನಾದರೂ ಮರೆತಿದ್ದೇನೆಯೇ?

ಭೀಮಾತೀರದ_ಮೇಸ್ತ್ರಿ
ಪಂಪಿನ ಪೈಪನ್ನು ಶಟರಿಂಗಿಗೆ ಕಟ್ಟಬೇಡಿ, ಒಂದೊಂದು ಏಟಿಗೂ ಅದು ಜಗ್ಗುತ್ತದೆ. ಕಾಂಕ್ರೀಟನ್ನು ಒಂದೇ ಕಡೆ ರಾಶಿ ಹಾಕಲು ಬಿಡಬೇಡಿ, ಒಂದು ಮೀಟರ್ ರಾಶಿಯೆಂದರೆ ಚದರ ಮೀಟರಿಗೆ ಎರಡೂವರೆ ಟನ್. ಕಂಬದ ತಲೆಯ ಯು-ಹೆಡ್‌ನಲ್ಲಿ ತೊಲೆ ನಟ್ಟನಡುವೆ ಕುಳಿತಿದೆಯೇ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ. ಕೆಳಗೆ ಇಬ್ಬರನ್ನು ಸುತ್ತಿಗೆ ಸಹಿತ ನಿಲ್ಲಿಸಿ, ಸಡಿಲವಾದ ಬೆಣೆಯನ್ನು ಅಲ್ಲಲ್ಲೇ ಬಿಗಿಯಲಿ.

ಡೊಂಬಿವಲಿ_ರಾಯರು
ಕೊನೆಯ ಮಾತನ್ನು ನಾನು ಒಪ್ಪಲಾರೆ, ಮೇಸ್ತ್ರಿಯವರೇ. ಕಾಂಕ್ರೀಟ್ ಬೀಳುವಾಗ 200 ಟನ್ ಭಾರದ ಕೆಳಗೆ ಯಾರನ್ನೂ ನಿಲ್ಲಿಸಬಾರದು. ಬಿಗಿಯಬೇಕಾದ್ದನ್ನೆಲ್ಲ ಮುಂಚೆಯೇ ಬಿಗಿದಿರಬೇಕು.

ಭೀಮಾತೀರದ_ಮೇಸ್ತ್ರಿ
ಮತ್ತೆ ಚೌಕಟ್ಟು ಕುಸಿಯುತ್ತಿದೆ ಎಂದು ಮೇಲಿನವರಿಗೆ ತಿಳಿಯುವುದು ಹೇಗೆ, ರಾಯರೇ? ನಾನು ಆ ಜಾಗದಲ್ಲಿ ಎಷ್ಟೋ ಸಲ ನಿಂತಿದ್ದೇನೆ. ಮೇಲೆ ಮೂವತ್ತು ಜನ ಇರುತ್ತಾರೆ.

ಕೊಥ್ರೂಡ್_ಕನ್ನಡತಿ
ಇಬ್ಬರ ಮಾತಿಗೂ ಒಂದು ದಾರಿಯಿದೆ. ಪ್ರತಿ ಬೀಮಿನ ನಡುವಿನಿಂದ ತೂಗುಗುಂಡು ಇಳಿಬಿಟ್ಟು, ಅದರ ದಾರಕ್ಕೆ ಅಳತೆಪಟ್ಟಿ ಅಂಟಿಸಿ, ಸಭಾಭವನದ ಹೊರಗೆ ಲೆವೆಲ್ ಯಂತ್ರ ಇಟ್ಟು ಹದಿನೈದು ನಿಮಿಷಕ್ಕೊಮ್ಮೆ ಓದಿ. ಎಷ್ಟು ಇಳಿದರೆ ಪಂಪ್ ನಿಲ್ಲಿಸಬೇಕು, ಎಷ್ಟು ಇಳಿದರೆ ಎಲ್ಲರೂ ಇಳಿಯಬೇಕು ಎಂಬ ಎರಡು ಅಂಕಿಗಳನ್ನು ಚೌಕಟ್ಟಿನ ವಿನ್ಯಾಸಕರಿಂದ ಮುಂಚಿತವಾಗಿ ಬರೆಸಿಕೊಳ್ಳಿ. ನಿಲ್ಲಿಸು ಎಂದು ಹೇಳುವ ಅಧಿಕಾರ ಯಾರದೆಂಬುದನ್ನೂ ಅದರಲ್ಲಿಯೇ ಬರೆಸಿ.

ಭೀಮಾತೀರದ_ಮೇಸ್ತ್ರಿ
ಇದು ಒಳ್ಳೆಯದು. ನನ್ನ ಸೈಟಿನಲ್ಲಿಯೂ ಮಾಡಿಸುತ್ತೇನೆ.

ನೆರೂಳ್_ಇಂಜಿನಿಯರ್
ಇಂದು ಬೆಳಗಿನ ಏಳಕ್ಕೆ ಆರಂಭಿಸಿ ಸಂಜೆ ಆರೂವರೆಗೆ ಮುಗಿಸಿದೆವು. ಐದು ತೂಗುಗುಂಡುಗಳಲ್ಲಿ ಅತಿ ಹೆಚ್ಚು ಇಳಿದದ್ದು ಮೂರನೆಯ ಬೀಮಿನದು, 4 ಮಿ.ಮೀ. ಪಂಪ್ ನಿಲ್ಲಿಸಲು ಬರೆಸಿಕೊಂಡಿದ್ದ ಅಂಕಿ 10. ಕೆಳಗೆ ಯಾರನ್ನೂ ನಿಲ್ಲಿಸಲಿಲ್ಲ. ಬಿಚ್ಚುವ ಅನುಮತಿಪತ್ರದ ಕರಡನ್ನು ನಾಳೆ ಇಲ್ಲಿ ಹಾಕುತ್ತೇನೆ, ಮೇಡಂ ಮತ್ತು ರಾಯರು ತಿದ್ದಿಕೊಡಬೇಕು.